ಹೊಸ ಸವಾರನ ಮೊದಲ ಪತನ

ಮೋಟಾರ್ ಸೈಕಲ್ ಸವಾರಿಯನ್ನು ಹೊಸದಾಗಿ ಕಲಿತವರಲ್ಲಿ ಅನೇಕರು ಒಮ್ಮೆಯಾದರೂ ಬೀಳುತ್ತಾರೆ. ಮಳೆ ಬಂದು ನಿಂತ ಸಂಜೆ; ರಸ್ತೆಯ ತಿರುವಿನಲ್ಲಿ ನೀರು ತಂದು ಹರಡಿದ ಮರಳು; ಎದುರಿಗೆ ಹಠಾತ್ತಾಗಿ ಕಾಣಿಸಿಕೊಂಡ ಎಮ್ಮೆ. ಸವಾರನು ಗಾಬರಿಯಿಂದ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತಾನೆ. ಮರುಕ್ಷಣದಲ್ಲಿಯೇ ವಾಹನ ಒಂದು ಕಡೆ, ಸವಾರ ಇನ್ನೊಂದು ಕಡೆ. ಮೊಣಕೈ ತರಚಿ, ಕನ್ನಡಿಯೊಂದು ಒಡೆದು, ಪ್ರಾಣಾಪಾಯವಿಲ್ಲದೆ ಪ್ರಸಂಗವು ಮುಗಿಯುತ್ತದೆ. ನೆರೆದವರು “ಮುಂದಿನ ಬ್ರೇಕನ್ನು ಮುಟ್ಟಲೇಬಾರದಪ್ಪ” ಎಂದು ಬುದ್ಧಿ ಹೇಳಿ ಕಳುಹಿಸುತ್ತಾರೆ. ಈ ಮಾತನ್ನು ನಂಬಿದವನಿಗೆ ಎರಡನೆಯ ಪತನವು ಮೊದಲನೆಯದಕ್ಕಿಂತ ಕಠಿನವಾದೀತು. ಅದು ಹೇಗೆಂಬುದನ್ನು ಭೌತಶಾಸ್ತ್ರದ ಸಹಾಯದಿಂದ ವಿಚಾರಿಸೋಣ.

ನೆಲದ ಹಿಡಿತ

ವಾಹನವನ್ನು ನಿಲ್ಲಿಸುವುದು ನಿಜವಾಗಿ ನೆಲವೇ ಹೊರತು ಬ್ರೇಕಲ್ಲ. ಬ್ರೇಕು ಚಕ್ರದ ಭ್ರಮಣವನ್ನು ಮಾತ್ರ ತಡೆಯುತ್ತದೆ. ವಾಹನವನ್ನು ಹಿಂದಕ್ಕೆಳೆಯುವ ಬಲವು ಟಯರಿಗೂ ನೆಲಕ್ಕೂ ನಡುವಣ ಘರ್ಷಣೆಯಿಂದಲೇ ಬರಬೇಕು. ಘರ್ಷಣೆಯ ಬಲವು ಮೇಲ್ಮೈಗಳನ್ನು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆಂದು ಫ್ರಾನ್ಸಿನ ಅಮೊಂಟನ್ಸನು 1699ರಲ್ಲಿ ತಿಳಿಸಿದನು. ಮುಂದೆ ಅದೇ ದೇಶದ ಕೂಲಂಬನು ಈ ವಿಷಯವನ್ನು ವಿಸ್ತಾರವಾಗಿ ಪರೀಕ್ಷಿಸಿದನು. ಬಲಕ್ಕೂ ಭಾರಕ್ಕೂ ಇರುವ ಈ ಅನುಪಾತವೇ ಘರ್ಷಣೆಯ ಗುಣಾಂಕ. ಒಣಗಿದ ಡಾಂಬರಿನ ಮೇಲೆ ಟಯರಿಗೆ ಇದು ಸುಮಾರು 0.8, ನೆನೆದ ಡಾಂಬರಿನ ಮೇಲೆ ಸುಮಾರು 0.5, ಸಡಿಲ ಮರಳಿದ್ದರೆ ಇನ್ನೂ ಕಡಿಮೆ.

ಉರುಳುವ ಚಕ್ರದಲ್ಲಿ ನೆಲವನ್ನು ಮುಟ್ಟಿರುವ ಬಿಂದುವು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ. ಆದುದರಿಂದ ಅಲ್ಲಿ ಸ್ಥಿರ ಘರ್ಷಣೆಯು ದೊರೆಯುತ್ತದೆ. ಚಕ್ರವು ಸಂಪೂರ್ಣವಾಗಿ ನಿಂತು ಜಾರತೊಡಗಿದರೆ ಘರ್ಷಣೆಯು ತಗ್ಗುತ್ತದೆ. ಉಳಿದುದೂ ಜಾರುವ ದಿಕ್ಕಿಗೆ ವಿರುದ್ಧವಾಗಿ ಮಾತ್ರ ವರ್ತಿಸುತ್ತದೆ. ಚಕ್ರವನ್ನು ಬೇಕಾದ ಕಡೆಗೆ ತಿರುಗಿಸಲು ಪಾರ್ಶ್ವದ ಹಿಡಿತವೇ ಇಲ್ಲವಾಗುತ್ತದೆ. ದ್ವಿಚಕ್ರದ ಸಮತೋಲವು ಮುಂಚಕ್ರವನ್ನು ಅತ್ತಿತ್ತ ತಿರುಗಿಸುವುದರಿಂದಲೇ ಉಳಿಯತಕ್ಕದ್ದು. ಹೀಗಿರಲು ಮುಂಚಕ್ರವು ಜಾರಿದೊಡನೆ ಸವಾರನು ನೆಲಕ್ಕುರುಳುವುದು ಆಶ್ಚರ್ಯವಲ್ಲ.

ಒಂದೇ ಕೈಚೀಲ, ಎರಡು ಖರ್ಚು

ತಿರುವಿನಲ್ಲಿ ಇನ್ನೊಂದು ತೊಡಕಿದೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಿಂದ ಸಾಗುವ ವಾಹನಕ್ಕೆ ತನ್ನ ಭಾರದ 0.71ರಷ್ಟು ಕೇಂದ್ರಾಭಿಮುಖ ಬಲವು ಬೇಕು. ಒಣ ರಸ್ತೆ ಕೊಡಬಲ್ಲುದು 0.8 ಮಾತ್ರ. ಬ್ರೇಕಿಗೂ ತಿರುವಿಗೂ ಬೇಕಾದ ಬಲಗಳು ಪರಸ್ಪರ ಲಂಬವಾಗಿರುವುದರಿಂದ ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ, ಬ್ರೇಕಿಗಾಗಿ ಉಳಿಯುವುದು ಸುಮಾರು 0.37. ಘರ್ಷಣೆಯೆಂಬ ಒಂದೇ ಕೈಚೀಲದಿಂದ ಎರಡು ಖರ್ಚುಗಳು ನಡೆಯಬೇಕಷ್ಟೆ! ನೆನೆದ ರಸ್ತೆಯಲ್ಲಾದರೋ ತಿರುವೊಂದಕ್ಕೇ ಹಣ ಸಾಲದು. ಅದೇ ತಿರುವಿಗೆ 20 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ಬೇಕಾಗುವುದು 0.32ರಷ್ಟು ಮಾತ್ರ. ವೇಗವನ್ನು ತಿರುವಿಗೆ ಮೊದಲೇ, ನೇರ ರಸ್ತೆಯಲ್ಲಿಯೇ ತಗ್ಗಿಸಬೇಕೆನ್ನುವುದು ಇದಕ್ಕಾಗಿಯೇ.

ಮುಂದಿನ ಬ್ರೇಕಿನ ಮೇಲಿನ ಅಪವಾದ

ಹಾಗಾದರೆ ಮುಂದಿನ ಬ್ರೇಕನ್ನು ಬಿಟ್ಟೇಬಿಡೋಣವೆ? ಸವಾರನೂ ಸೇರಿ 200 ಕಿಲೋಗ್ರಾಂ ತೂಗುವ ವಾಹನವನ್ನು ಊಹಿಸಿಕೊಳ್ಳಿರಿ. ಅದರ ಗುರುತ್ವಕೇಂದ್ರವು ನೆಲದಿಂದ 0.6 ಮೀಟರ್ ಎತ್ತರದಲ್ಲಿರಲಿ. ಚಕ್ರಗಳ ನಡುವಣ ದೂರ 1.3 ಮೀಟರ್ ಇರಲಿ. ನಿಂತಿರುವಾಗ ಒಂದೊಂದು ಚಕ್ರದ ಮೇಲೆಯೂ 100 ಕಿಲೋಗ್ರಾಂ ಭಾರವಿರಲಿ. ಬ್ರೇಕು ಹಿಡಿದಾಗ ಭಾರವು ಮುಂದಕ್ಕೆ ವಾಲುತ್ತದೆ. ಒಣ ರಸ್ತೆಯಲ್ಲಿ ಘರ್ಷಣೆಯನ್ನೆಲ್ಲ ಬಳಸಿ ನಿಲ್ಲಿಸುವಾಗ ಮುಂಚಕ್ರದ ಮೇಲೆ ಸುಮಾರು 174, ಹಿಂಚಕ್ರದ ಮೇಲೆ ಕೇವಲ 26 ಕಿಲೋಗ್ರಾಂ ಭಾರ ಬೀಳುತ್ತದೆ. ಭಾರವಿರುವಲ್ಲಿಯೇ ಘರ್ಷಣೆ, ಘರ್ಷಣೆಯಿರುವಲ್ಲಿಯೇ ನಿಲ್ಲಿಸುವ ಸಾಮರ್ಥ್ಯ.

ಲೆಕ್ಕದ ಪ್ರಕಾರ, 30 ಕಿಲೋಮೀಟರ್ ವೇಗದಿಂದ ನಿಲ್ಲಲು ಎರಡೂ ಬ್ರೇಕುಗಳ ಪೂರ್ಣ ಪ್ರಯೋಜನದಿಂದ ಸುಮಾರು 4.4 ಮೀಟರ್ ಸಾಕು. ಹಿಂದಿನ ಬ್ರೇಕೊಂದನ್ನೇ ನಂಬಿದರೆ ಸುಮಾರು 12 ಮೀಟರ್ ಬೇಕು. ನೆರೆದವರ ಬುದ್ಧಿವಾದದ ಬೆಲೆ ಇಷ್ಟು! ತಪ್ಪು ಮುಂದಿನ ಬ್ರೇಕಿನದಲ್ಲ, ಅದನ್ನು ಹಿಡಿದ ಸ್ಥಳದ್ದು ಮತ್ತು ರೀತಿಯದು. ಭಾರವು ಮುಂಚಕ್ರಕ್ಕೆ ಬಂದು ಕೂರುವುದಕ್ಕೆ ಮೊದಲೇ ಬ್ರೇಕನ್ನು ಒಮ್ಮೆಲೆ ಬಿಗಿದರೆ ಚಕ್ರವು ಜಾರುತ್ತದೆ. ಮೆಲ್ಲನೆ ಪ್ರಾರಂಭಿಸಿ, ಭಾರ ಬಂದಂತೆ ಒತ್ತಡವನ್ನು ಹೆಚ್ಚಿಸಬೇಕು.

2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಮೋಟಾರ್ ಸೈಕಲ್‌ಗಳಿಗೆ ಎ.ಬಿ.ಎಸ್. ಎಂಬ ಸಾಧನವು ಕಡ್ಡಾಯವಾಗಿದೆ. ಚಕ್ರವು ನಿಲ್ಲುವ ಸೂಚನೆ ಕಂಡೊಡನೆ ಇದು ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಆದರೆ ನೆಲದಲ್ಲಿಲ್ಲದ ಘರ್ಷಣೆಯನ್ನು ಅದೂ ಸೃಷ್ಟಿಸಲಾರದು.

ವೇಗದ ವರ್ಗ

ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ವೇಗವು 30ರಿಂದ 60 ಕಿಲೋಮೀಟರಿಗೆ ಏರಿದರೆ 4.4 ಮೀಟರು ಸುಮಾರು 17.7 ಮೀಟರಾಗುತ್ತದೆ. ಕಣ್ಣು ಕಂಡು ಕೈ ಬ್ರೇಕನ್ನು ಹಿಡಿಯಲು ಒಂದು ಸೆಕೆಂಡು ಬೇಕೆಂದರೆ, ಅಷ್ಟರಲ್ಲಿಯೇ ವಾಹನವು ಮೊದಲನೆಯ ವೇಗದಲ್ಲಿ 8.3, ಎರಡನೆಯದರಲ್ಲಿ 16.7 ಮೀಟರ್ ಮುಂದೆ ಹೋಗಿರುತ್ತದೆ. ಒಟ್ಟು ದೂರಗಳು ಸುಮಾರು 13 ಮತ್ತು 34 ಮೀಟರ್.

ಸಣ್ಣ ಪತನ ಎನ್ನುವುದಾದರೂ ಎಷ್ಟು ಸಣ್ಣದು? ನಿಂತ ವಾಹನದಿಂದ ಉರುಳಿ ತಲೆಯು 1.5 ಮೀಟರ್ ಎತ್ತರದಿಂದ ನೆಲಕ್ಕೆ ಬಡಿಯಿತೆನ್ನೋಣ. 3 ಮಿಲಿಮೀಟರಿನಲ್ಲಿ ಅದು ನಿಂತರೆ ವೇಗಾಪಕರ್ಷವು ಗುರುತ್ವದ 500 ಪಟ್ಟು. ಶಿರಸ್ತ್ರಾಣದೊಳಗಿನ ಥರ್ಮೊಕೋಲು ಕುಗ್ಗಿ 30 ಮಿಲಿಮೀಟರ್ ಅವಕಾಶ ಕೊಟ್ಟರೆ 50 ಪಟ್ಟು ಮಾತ್ರ. ತರಚಿದ ಮೊಣಕೈಗೂ ಒಡೆದ ತಲೆಗೂ ನಡುವೆ ಇರುವ ಅಂತರ ಈ 27 ಮಿಲಿಮೀಟರುಗಳು. ಪಟ್ಟಿಯನ್ನು ಬಿಗಿಯದ ಶಿರಸ್ತ್ರಾಣವು ಬೀಳುವಾಗ ಕಳಚಿಹೋಗುವುದರಿಂದ ಅದನ್ನು ಧರಿಸಿಯೂ ಧರಿಸದಂತೆಯೇ.

ನೀವೇ ಮಾಡಿ ನೋಡಿರಿ

ಒಂದು ಹಲಗೆಯ ಮೇಲೆ ಅಳಿಸುವ ರಬ್ಬರನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ರಬ್ಬರು ಜಾರಲಾರಂಭಿಸಿದಾಗ ಎತ್ತಿದ ತುದಿಯ ಎತ್ತರವನ್ನು, ಆ ತುದಿಯ ನೇರ ಕೆಳಗಿನ ಬಿಂದುವಿನಿಂದ ಇನ್ನೊಂದು ತುದಿಗಿರುವ ಅಡ್ಡದೂರದಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕವು ದೊರೆಯುತ್ತದೆ. ಹಲಗೆಯನ್ನು ನೆನೆಸಿ ಒಮ್ಮೆ, ಮರಳನ್ನು ಉದುರಿಸಿ ಒಮ್ಮೆ ಅಳೆದು ಹೋಲಿಸಿರಿ. 18 ವರ್ಷ ತುಂಬಿ ಲೈಸೆನ್ಸು ಪಡೆದವರು, ಶಿರಸ್ತ್ರಾಣವನ್ನು ಧರಿಸಿ, ಜನಸಂಚಾರವಿಲ್ಲದ ಒಣ ಮೈದಾನದಲ್ಲಿ 20 ಕಿಲೋಮೀಟರ್ ವೇಗದಿಂದ ಎರಡೂ ಬ್ರೇಕುಗಳನ್ನು ಮೆಲ್ಲಮೆಲ್ಲನೆ ಒತ್ತಿ ನಿಲ್ಲಿಸುವ ಅಭ್ಯಾಸವನ್ನು ದಿನವೂ ಮಾಡಲಿ. ಗಾಬರಿಯ ಕ್ಷಣದಲ್ಲಿ ವಿಚಾರಕ್ಕೆ ಸಮಯವಿರುವುದಿಲ್ಲ. ಕೈಗೆ ಮೊದಲೇ ಅಭ್ಯಾಸವಾಗಿರುವುದೇ ನಡೆಯುತ್ತದೆ.