ಕಡಲಾಚೆಯ ಮನೆಗೆ ಹೊರಟ ಮಗು: ಮೊದಲ ಭೇಟಿಗೆ ಸಿದ್ಧತೆ ಹೇಗೆ?

ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಭಾರತದಿಂದಲೇ ಮಗುವನ್ನು ದತ್ತು ಪಡೆಯಲು ಬಯಸುವವರಿದ್ದಾರೆ. ಅರ್ಜಿ, ಮನೆ ಅಧ್ಯಯನ, ವರ್ಷಗಟ್ಟಲೆ ಕಾಯುವಿಕೆ ಎಲ್ಲ ಮುಗಿದು ಕೊನೆಗೊಂದು ದಿನ ಮಗುವಿನ ಎದುರು ಕೂರುವ ಗಳಿಗೆ ಬರುತ್ತದೆ. ಅಪ್ಪ ಅಮ್ಮನ ಪಾಲಿಗೆ ಅದು ಹಬ್ಬ. ಮಗುವಿಗಾದರೋ ತನ್ನ ಹಾಸಿಗೆ, ಊಟದ ತಟ್ಟೆ, ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯರು, ಎತ್ತಿ ಆಡಿಸಿದ ಆಯಾ ಎಲ್ಲವನ್ನೂ ಒಮ್ಮೆಗೇ ಬಿಟ್ಟುಹೋಗುವ ಸಂಕಟದ ಆರಂಭ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮೊದಲು ಕಾನೂನಿನ ವಿಷಯ. ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ಬಾಲನ್ಯಾಯ ಕಾಯ್ದೆಯಡಿ ನಡೆಯುವ ಇಂಥ ದತ್ತುಗಳ ಹೊಣೆ ‘ಕಾರಾ’ ಎಂದೇ ಪರಿಚಿತವಾದ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ್ದು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ನೀಡುವವರು ಜಿಲ್ಲಾಧಿಕಾರಿ. ಅದಕ್ಕೂ ಮೊದಲು ಈ ಅಧಿಕಾರ ನ್ಯಾಯಾಲಯದ್ದಾಗಿತ್ತು. ಆದೇಶದ ಪ್ರತಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಕಾರಾ ನೀಡುವ ಅನುಸರಣಾ ಪ್ರಮಾಣಪತ್ರ, ವೀಸಾ ಎಲ್ಲ ಕೈಗೆ ಬಂದ ಮೇಲಷ್ಟೇ ವಿಮಾನದ ಟಿಕೆಟ್ ಅಂತಿಮ ಮಾಡಿ. ಟಿಕೆಟ್ ದಿನಾಂಕದ ಆತುರ ಬಂದರೆ ಅದರ ಒತ್ತಡ ಬೀಳುವುದು ಮಗುವಿನ ಮೇಲೆ.

ಹೊರಡುವ ಮೊದಲು

ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಎರಡನ್ನೂ ನೀವಿರುವ ಊರಿನ ಮಕ್ಕಳ ವೈದ್ಯರಿಗೆ ತೋರಿಸಿ. ಜೊತೆಗೆ ಆ ವರದಿಗಳಲ್ಲಿ ಇರದ ಸಂಗತಿಗಳನ್ನು ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ರಾತ್ರಿ ದೀಪ ಉರಿಯುತ್ತಿರಬೇಕೇ? ಯಾರ ಪಕ್ಕ ಮಲಗುವ ರೂಢಿ? ಅನ್ನಕ್ಕೆ ಸಾರು ಇಷ್ಟವೋ, ಮೊಸರೋ? ಸ್ನಾನ ಬಕೆಟ್ಟಿನಲ್ಲೋ? ‘ಒಂದಕ್ಕೆ’ ಬಂದರೆ ಹೇಗೆ ಹೇಳುತ್ತದೆ? ನಾಯಿ ಕಂಡರೆ ಹೆದರುತ್ತದೆಯೇ? ಯಾವ ಆಯಾ ಎಂದರೆ ಪ್ರಾಣ? ಈ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ತಿಂಗಳು ಮಕ್ಕಳ ಮನಶ್ಶಾಸ್ತ್ರದ ದಪ್ಪ ಪುಸ್ತಕಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದಂಪತಿ ಕನ್ನಡದವರಾದ ಮಾತ್ರಕ್ಕೆ ಕನ್ನಡದ ಮಗುವೇ ಬರುತ್ತದೆಂದಿಲ್ಲ. ಒಡಿಯಾ, ಮರಾಠಿ ಅಥವಾ ಹಿಂದಿ ಕಿವಿಗೆ ಬಿದ್ದು ಬೆಳೆದ ಮಗುವಿರಬಹುದು. ನೀರು, ಹಸಿವು, ನೋವು, ನಿದ್ದೆ, ಸಾಕು, ಹೆದರಬೇಡ, ನಾನು ಇಲ್ಲೇ ಇದ್ದೇನೆ: ಇಷ್ಟನ್ನಾದರೂ ಆ ಭಾಷೆಯಲ್ಲಿ ಸರಿಯಾದ ಉಚ್ಚಾರಣೆಯೊಂದಿಗೆ ಕಲಿತು ಹೋಗಿ. ಕರ್ನಾಟಕದ ಮಗುವಾದರೆ ನಿಮಗೆ ದೊಡ್ಡ ಅನುಕೂಲವಿದೆ, ಅದನ್ನು ಕೈಬಿಡಬೇಡಿ. ಹೊಸ ಶಾಲೆಗೆ ಸುಲಭವಾಗಲಿ ಎಂದು ಮೊದಲ ದಿನದಿಂದಲೇ ಇಂಗ್ಲಿಷ್ ಮಾತಾಡುವ ಪೋಷಕರಿದ್ದಾರೆ. ಇಂಗ್ಲಿಷ್ ಹೇಗೂ ಬರುತ್ತದೆ. ಆದರೆ ಚಿಕ್ಕ ಮಗು ಕೇಳದ ಭಾಷೆಯನ್ನು ಕೆಲವೇ ತಿಂಗಳಲ್ಲಿ ಮರೆತುಬಿಡುತ್ತದೆ.

ಒಂದು ಪುಟ್ಟ ಆಲ್ಬಂ ಮಾಡಿ ಮುಂಚಿತವಾಗಿ ಕಳಿಸಿ. ಅಪ್ಪ, ಅಮ್ಮ, ಮನೆಯ ಬಾಗಿಲು, ಮಲಗುವ ಜಾಗ, ನಾಯಿಯಿದ್ದರೆ ನಾಯಿ. ಅಪ್ಪನಿಗೆ ಗಡ್ಡವಿದ್ದರೆ ಫೋಟೊದಲ್ಲೂ ಗಡ್ಡವಿರಲಿ. ಹೆಂಗಸರೇ ನೋಡಿಕೊಳ್ಳುವ ಕೇಂದ್ರಗಳಲ್ಲಿ ಬೆಳೆದ ಮಕ್ಕಳಿಗೆ ಗಂಡಸಿನ ದನಿ, ಮುಖ ಎರಡೂ ಹೊಸದಾಗಿರಬಹುದು. ವಿಡಿಯೊ ಕರೆಗೆ ಅವಕಾಶವಿದೆಯೇ ಎಂದೂ ಕೇಳಿ. ಐದೇ ನಿಮಿಷವಾದರೂ ಸಾಕು, ದನಿ ಪರಿಚಯವಾಗುತ್ತದೆ.

ಎದುರಾಗುವ ದಿನ

ಅಜ್ಜಿ ತಾತ, ಅತ್ತೆ ಮಾವ, ಕ್ಯಾಮೆರಾ ಹಿಡಿದ ತಮ್ಮ ಯಾರೂ ಜೊತೆಗೆ ಬೇಡ. ಇಬ್ಬರೇ ಹೋಗಿ. ಘಾಟು ಸೆಂಟು, ಕಪ್ಪು ಕನ್ನಡಕ ಬೇಡ. ಕೋಣೆಯಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಓಡಿಹೋಗಿ ಎತ್ತಿಕೊಂಡು ಮುದ್ದಾಡುವ ಆಸೆ ಎಷ್ಟೇ ಇದ್ದರೂ ತಡೆದುಕೊಳ್ಳಿ. ಆಯಾ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನಿಮ್ಮ ಜೊತೆ ಮಾತಾಡಲಿ. ತನ್ನವರು ನಂಬಿದವರನ್ನು ಮಗುವೂ ನಂಬಲು ಶುರುಮಾಡುತ್ತದೆ. ಸೋಪಿನ ಗುಳ್ಳೆ ಊದುವ ಬಾಟಲಿ, ಒಂದು ಚೆಂಡು ಇದ್ದರೆ ಸಾಕು. ಚೀಲದ ತುಂಬ ಆಟಿಕೆ ತಂದರೆ ಮಗುವಿನ ಗಮನವೆಲ್ಲ ಚೀಲದ ಮೇಲೆ.

ಮಗು ಅತ್ತರೆ, ಆಯಾಳ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡರೆ, ನಿಮ್ಮ ಕೈ ತಳ್ಳಿದರೆ ಎದೆಗೆಡಬೇಡಿ. ಒಬ್ಬರನ್ನು ಹಚ್ಚಿಕೊಂಡು ಗೊತ್ತಿರುವ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳಬಲ್ಲದು. ಹೆಚ್ಚು ಗಮನ ಬೇಕಿರುವುದು ಅಳದೆ, ಮಾತಾಡದೆ, ಹೇಳಿದಂತೆ ಕೇಳುವ ಮಗುವಿನ ಕಡೆಗೆ. ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಎಲ್ಲರೂ ಹೊಗಳುವ ಹೊತ್ತಿನಲ್ಲಿ ಅದು ಹೆದರಿ ಮರಗಟ್ಟಿರಬಹುದು. ಕಂಡವರ ತೊಡೆಯನ್ನೆಲ್ಲ ಏರಿ ಕೂರುವ ಮಗುವಿಗೂ ‘ನನ್ನವರು’ ಯಾರೆಂದು ಇನ್ನೂ ತಿಳಿದಿಲ್ಲ.

ಕೇಂದ್ರದವರು ಒಪ್ಪಿದರೆ ಒಂದೇ ದಿನಕ್ಕೆ ಕರೆದೊಯ್ಯಬೇಡಿ. ಮೊದಲ ದಿನ ಒಂದು ಗಂಟೆ, ಮರುದಿನ ನೀವೇ ಊಟ ಮಾಡಿಸಿ, ಆಮೇಲೆ ಆವರಣದಲ್ಲಿ ಒಂದು ಸುತ್ತು. ಹೊರಡುವಾಗ ಕಣ್ತಪ್ಪಿಸಿ ಜಾರಿಕೊಳ್ಳಬೇಡಿ. ‘ನಾಳೆ ಬರುತ್ತೇವೆ’ ಎಂದು ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ಅಲ್ಲಿರುವ ಬೇರೆ ಮಕ್ಕಳು ನಿಮ್ಮ ಕೈ ಹಿಡಿದು ‘ನನ್ನನ್ನು ಯಾವಾಗ ಕರ್ಕೊಂಡು ಹೋಗ್ತೀರಿ?’ ಎಂದು ಕೇಳಬಹುದು. ಕರುಳು ಹಿಂಡುವ ಪ್ರಶ್ನೆಯದು. ಆದರೂ ಸುಳ್ಳು ಭರವಸೆ ಕೊಡಬೇಡಿ. ಆ ಮಕ್ಕಳ ಫೋಟೊ ತೆಗೆದು ಜಾಲತಾಣಕ್ಕೆ ಹಾಕಲೂಬೇಡಿ. ರಕ್ಷಣೆಯಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ ವಿಧಿಸಬಹುದು.

ಕೊನೆಯ ದಿನ ಆಯಾ ತನ್ನ ಬಾಯಿಂದಲೇ ‘ಅಮ್ಮ ಅಪ್ಪನ ಜೊತೆ ಹೋಗಿ ಬಾ ಕಂದ’ ಎಂದು ಹೇಳಲಿ. ಆಕೆಯೊಂದಿಗೆ ಮಗುವಿನ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ಮಗು ಹೊದೆಯುತ್ತಿದ್ದ ಹೊದಿಕೆ, ತೊಟ್ಟ ಅಂಗಿ ಸಿಕ್ಕರೆ ತನ್ನಿ. ತಕ್ಷಣ ಒಗೆಯಬೇಡಿ, ಆ ವಾಸನೆಯೇ ಹೋಟೆಲಿನ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತದೆ.

ಹೊಸ ಮನೆಯಲ್ಲಿ

ಬಣ್ಣ ಬಳಿದು ಸಿಂಗರಿಸಿದ ಪ್ರತ್ಯೇಕ ಕೋಣೆ ಸ್ವಲ್ಪ ದಿನ ಖಾಲಿಯೇ ಇರಲಿ. ಹತ್ತಾರು ಮಕ್ಕಳ ನಡುವೆ ಮಲಗಿದ ಮಗುವಿಗೆ ಒಂಟಿ ಕೋಣೆ ಶಿಕ್ಷೆಯಾಗುತ್ತದೆ. ನಿಮ್ಮ ಹಾಸಿಗೆಯ ಪಕ್ಕದಲ್ಲೇ ಮಲಗಿಸಿ. ದಿಂಬಿನ ಕೆಳಗೆ ಬಿಸ್ಕತ್ತು, ರೊಟ್ಟಿ ಚೂರು ಸಿಕ್ಕರೆ ಗದರಬೇಡಿ. ಕೈಗೆಟಕುವಲ್ಲಿ ಒಂದು ಡಬ್ಬಿಯಲ್ಲಿ ಸದಾ ತಿಂಡಿ ಇಡಿ. ಹಸಿವಾದಾಗ ಸಿಗುತ್ತದೆ ಎಂಬ ಧೈರ್ಯ ಬಂದಂತೆ ಬಚ್ಚಿಡುವುದು ಕಡಿಮೆಯಾಗುತ್ತದೆ. ಹೊಸ ಹೆಸರು, ಮುಡಿ ಕೊಡಿಸುವುದು, ನೂರು ಜನರನ್ನು ಕರೆದು ಆರತಿ ಎತ್ತುವುದು ಯಾವುದಕ್ಕೂ ಅವಸರವಿಲ್ಲ. ಹಳೆಯ ಹೆಸರನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಆ ಮಗು ತನ್ನದೆಂದು ತಂದಿರುವ ಆಸ್ತಿ ಅದೊಂದೇ ಇರಬಹುದು.

ಎರಡು ವಾರದೊಳಗೆ ಮಕ್ಕಳ ವೈದ್ಯರನ್ನು ಕಾಣಿ. ಕ್ಷಯ, ಹೆಪಟೈಟಿಸ್ ಬಿ, ಹೊಟ್ಟೆಹುಳು, ರಕ್ತಹೀನತೆ, ಕಿವಿ ಕಣ್ಣು ಎಲ್ಲವನ್ನೂ ಪರೀಕ್ಷಿಸುತ್ತಾರೆ. ಲಸಿಕೆ ಕಾರ್ಡ್ ಜೊತೆಗಿರಲಿ. ಅಮೆರಿಕದಲ್ಲಿರುವವರಾದರೆ ಮಗು ಬರುವ ಎರಡು ವಾರ ಮೊದಲೇ ಮನೆಯವರು ಹೆಪಟೈಟಿಸ್ ಎ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಳ್ಳಬೇಕೆಂಬ ಶಿಫಾರಸು ಅಲ್ಲಿದೆ.

ಇನ್ನು ಬಂಧುಬಳಗಕ್ಕೆ ಒಂದು ಮಾತು. ಮೊದಲ ಕೆಲವು ವಾರ ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು ಅಪ್ಪ ಅಮ್ಮನ ಕೆಲಸವಾಗಿಯೇ ಇರಲಿ. ಅಜ್ಜಿ ಅಡುಗೆ ಮಾಡಿಕೊಟ್ಟರೆ, ದೊಡ್ಡಮ್ಮ ಬಟ್ಟೆ ಒಗೆದುಕೊಟ್ಟರೆ ಅದೇ ದೊಡ್ಡ ಉಪಕಾರ. ಮಗುವಿನ ಎದುರು ‘ನಿಜವಾದ ಅಪ್ಪ ಅಮ್ಮ ಯಾರು?’, ‘ಇದರ ಪುಣ್ಯ, ನೀವು ಸಿಕ್ಕಿರಿ’ ಎನ್ನಬೇಡಿ. ಮಗುವಿಗೆ ಭಾಷೆ ತಿಳಿಯದಿದ್ದರೂ ಮುಖ ಓದಲು ಬರುತ್ತದೆ.

ದತ್ತು ಆದ ಬಳಿಕ ಎರಡು ವರ್ಷ ಸಂಸ್ಥೆಯವರು ಬಂದು ವರದಿ ಬರೆಯುತ್ತಾರೆ: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಅವರ ಮುಂದೆ ಎಲ್ಲ ಚೆನ್ನಾಗಿದೆ ಎಂದು ತೋರಿಸಿಕೊಳ್ಳುವ ಅಗತ್ಯವಿಲ್ಲ. ನಿದ್ದೆಯಿಲ್ಲ, ಕಚ್ಚುತ್ತದೆ, ನನಗೇ ದಣಿವಾಗಿದೆ ಎಂದು ಬಾಯಿಬಿಟ್ಟು ಹೇಳಿ. ನೆರವು ಸಿಗುವುದು ಆಗಲೇ. ಕೇಂದ್ರದಿಂದ ಬಂದ ಪ್ರತಿಯೊಂದು ಕಾಗದ, ಫೋಟೊ, ಆಯಾ ಹೇಳಿದ ಮಾತು ಬರೆದಿಟ್ಟ ಆ ಪುಸ್ತಕ ಎಲ್ಲವನ್ನೂ ಜೋಪಾನ ಮಾಡಿ. ದತ್ತು ಮಕ್ಕಳು 18 ತುಂಬಿದ ಮೇಲೆ ತಮ್ಮ ಮೂಲದ ಹುಡುಕಾಟಕ್ಕೆ ತಾವೇ ಅರ್ಜಿ ಸಲ್ಲಿಸಬಹುದು, ಅದಕ್ಕೂ ಮೊದಲಾದರೆ ಪೋಷಕರೊಂದಿಗೆ ಸೇರಿ ಕೇಳಬಹುದು. ಇದಕ್ಕೆ ಭಾರತದ ದತ್ತು ನಿಯಮಗಳಲ್ಲೇ ಅವಕಾಶವಿದೆ.