ಬೀಗದ ಕೈ ಎಷ್ಟು ಜನರ ಹತ್ತಿರ?

ಕಡೂರು ಕಡೆಯ ಒಂದು ಪತ್ತಿನ ಸಹಕಾರ ಸಂಘದ ಠೇವಣಿದಾರರಿಗೆ ಇದ್ದಕ್ಕಿದ್ದಂತೆ ಫೋನು ಬರಲು ಶುರುವಾಯಿತು. "ಅಮ್ಮಾ, ನಿಮ್ಮ ಎಫ್‌ಡಿ ಈ ತಿಂಗಳ ಕೊನೆಗೆ ಮುಗಿಯುತ್ತಲ್ಲ, ನಮ್ಮಲ್ಲಿಡಿ, ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡ್ತೀವಿ." ಫೋನು ಮಾಡಿದವನಿಗೆ ಮೊತ್ತ ಗೊತ್ತಿತ್ತು, ಮುಗಿಯುವ ತಾರೀಖು ಗೊತ್ತಿತ್ತು, ನಾಮಿನಿ ಮಗನೋ ಮಗಳೋ ಎಂಬುದೂ ಗೊತ್ತಿತ್ತು. ಕೊಬ್ಬರಿ ಮಾರಿದ ದುಡ್ಡನ್ನು ಮಕ್ಕಳಿಗೂ ಹೇಳದೆ ಕೂಡಿಟ್ಟಿದ್ದ ಒಬ್ಬ ಅಜ್ಜಿ ಕೌಂಟರಿನ ಮುಂದೆ ನಿಂತು, "ನನ್ನ ಗಂಟಿನ ಲೆಕ್ಕ ಊರಿಗೆಲ್ಲ ಸಾರಿದ್ದೀರಲ್ಲಪ್ಪಾ" ಎಂದು ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಂಡರಂತೆ. ಕಾರ್ಯದರ್ಶಿ ಮಾರನೆ ದಿನವೇ ಸಾಫ್ಟ್‌ವೇರ್‌ನವರ ಜೊತೆ ಮಾಡಿಕೊಂಡಿದ್ದ ಕರಾರುಪತ್ರ ಹಿಡಿದು ನನ್ನ ಆಫೀಸಿಗೆ ಬಂದರು.

ನಮ್ಮ ಕಡೂರು, ತರೀಕೆರೆ ಕೋರ್ಟುಗಳಲ್ಲಿ ವಕೀಲರ ಕೈಗೆ ಬರುವುದು ಹೆಚ್ಚಾಗಿ ವಿಭಾಗದ ದಾವೆ, ಬದುವಿನ ತಕರಾರು, ಚೆಕ್ ಬೌನ್ಸು. ಗೋಪ್ಯತೆಯ ಕರಾರು ಬೆಂಗಳೂರಿನ ಐಟಿ ಕಂಪನಿಗಳ ಪಾಡು ಎಂದೇ ಎಲ್ಲರ ಎಣಿಕೆ. ಕಾರ್ಯದರ್ಶಿ ತಂದ ಪತ್ರದಲ್ಲೂ ಆ ಬಗ್ಗೆ ಇದ್ದದ್ದು ಒಂದೇ ಸಾಲು: ಉಭಯ ಪಕ್ಷದವರೂ ಪರಸ್ಪರರ ಮಾಹಿತಿಯನ್ನು ಗೋಪ್ಯವಾಗಿ ಇಡತಕ್ಕದ್ದು. ಯಾವ ಮಾಹಿತಿ, ಯಾರಿಂದ ಗೋಪ್ಯ, ಎಷ್ಟು ಕಾಲ, ಕೆಲಸ ಮುಗಿದ ಮೇಲೆ ಅದೇನಾಗಬೇಕು, ಒಂದೂ ಇಲ್ಲ. ಸಂಘ ಹಿಂದಿನ ವರ್ಷ ಹಳೆ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಿತ್ತು. ಹಳಬರು ಸದಸ್ಯರ ಪೂರ್ತಿ ಖಾತೆಪಟ್ಟಿ ವಾಪಸ್ ಕೊಟ್ಟರೋ, ಅಳಿಸಿದರೋ, ಹಾಗೇ ಇಟ್ಟುಕೊಂಡರೋ ಎಂದು ಕೇಳಿದವರಿಲ್ಲ. ಕೇಳಬೇಕೆಂದು ಕರಾರಿನಲ್ಲೂ ಬರೆದಿರಲಿಲ್ಲ.

"ಕೇಸ್ ಹಾಕೋಣ ಸಾರ್" ಎಂದರು ಕಾರ್ಯದರ್ಶಿ. ಹಾಕಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 72ಎ ಕಲಂ ಇಂಥದ್ದಕ್ಕೇ ಇರುವುದು: ಕರಾರಿನ ಮೇಲೆ ಸೇವೆ ಕೊಡುವವನು ತನ್ನ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಲಾಭಕ್ಕಾಗಿಯೋ ಹಾನಿ ಮಾಡಲೆಂದೋ ಕರಾರು ಮುರಿದು ಹೊರಗೆ ಬಿಟ್ಟರೆ 3 ವರ್ಷದವರೆಗೆ ಸೆರೆವಾಸ. ಆದರೆ ಬಿಟ್ಟವನು ಯಾರು? ಹಳೆ ಸಾಫ್ಟ್‌ವೇರ್‌ನವರೇ ಎಂದು ಕಾರ್ಯದರ್ಶಿಗೆ ಅನುಮಾನ. ಹೊಸಬರ ಹುಡುಗನೂ ದೂರದಿಂದಲೇ ಕಂಪ್ಯೂಟರ್ ತೆರೆದು ರಿಪೇರಿ ಮಾಡುತ್ತಿದ್ದ. ಪಿಗ್ಮಿ ಏಜೆಂಟರು ತಮ್ಮ ಮೆಷಿನ್ನಿಗೆ ದಿನಾ ಪಟ್ಟಿ ಇಳಿಸಿಕೊಳ್ಳುತ್ತಿದ್ದರು. ಆಡಿಟ್ ಹೊತ್ತಿಗೆ ಯಾರೋ ಪೆನ್ ಡ್ರೈವಿಗೆ ಎಲ್ಲ ಹಾಕಿಕೊಂಡು ಹೋಗಿದ್ದರು. ಅಷ್ಟು ಜನರಲ್ಲಿ ಒಬ್ಬರ ಮೇಲೆ ಬೆರಳಿಡಲು ನಮ್ಮಲ್ಲಿ ಕಾಗದದ ಚೂರೂ ಇರಲಿಲ್ಲ.

ಸಂಘದ ಆಫೀಸಿಗೆ ಹೋಗಿ ನೋಡಿದೆ. ಒಳಕೋಣೆಯಲ್ಲಿ ಹಳೆ ಕಾಲದ ಕಬ್ಬಿಣದ ತಿಜೋರಿ. ಅದಕ್ಕೆ ಎರಡು ಬೀಗದ ಕೈ, ಒಂದು ಕಾರ್ಯದರ್ಶಿಯ ಸೊಂಟದಲ್ಲಿ, ಇನ್ನೊಂದು ಕ್ಯಾಶಿಯರ್ ಹತ್ತಿರ. ಇಬ್ಬರೂ ಬಂದು ನಿಂತು ತಿರುಗಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ, ತೆರೆದ ಹೊತ್ತು ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಆ ತಿಜೋರಿಯ ಪಕ್ಕದಲ್ಲೇ ಕಂಪ್ಯೂಟರ್. ಅದರ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಕೆಳಗೆ, ಬಾಲ್ ಪೆನ್ನಿನಲ್ಲಿ ಬರೆದಿತ್ತು. ಮ್ಯಾನೇಜರಿನಿಂದ ಹಿಡಿದು ಅಟೆಂಡರ್‌ವರೆಗೆ ಎಲ್ಲರಿಗೂ ಅದೊಂದೇ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಸಂಘದಲ್ಲಿ ಕೆಲಸ ಮಾಡುತ್ತಿದ್ದುದು ಒಬ್ಬನೇ ಮನುಷ್ಯ, ಅವನ ಹೆಸರು ಅಡ್ಮಿನ್.

ಹೊಸ ಕರಾರು ಬರೆಯಲು ನನಗೆ ದಾರಿ ತೋರಿಸಿದ್ದು ಆ ತಿಜೋರಿಯ ರಿಜಿಸ್ಟರು. ಸೋರಿದರೆ ಇಷ್ಟು ಲಕ್ಷ ದಂಡ ಎಂದು ಬರೆಸಿಬಿಡಿ ಸಾಕು ಎಂಬುದು ಆಡಳಿತ ಮಂಡಳಿಯವರ ಆಸೆ. ದಂಡದ ಮೊತ್ತ ಬರೆಯುವುದು ಸುಲಭ, ಆದರೆ ಭಾರತೀಯ ಕರಾರು ಕಾಯ್ದೆ 1872ರ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಮಿತಿ ಮಾತ್ರ. ಅದರೊಳಗೆ ಸಮಂಜಸ ಕಂಡಷ್ಟನ್ನು ಕೋರ್ಟು ಕೊಡಿಸುತ್ತದೆ. ಅದಕ್ಕೂ ಮೊದಲು ಕರಾರು ಮುರಿದವನು ಇವನೇ ಎಂದು ತೋರಿಸಬೇಕು. ಆದ್ದರಿಂದ ದಂಡವನ್ನು ಕೊನೆಗೆ ತಳ್ಳಿ, ಯಾರು ಏನನ್ನು ನೋಡಬಹುದು ಎಂಬಲ್ಲಿಂದ ಶುರು ಮಾಡಿದೆ. ಗೋಪ್ಯ ಮಾಹಿತಿ ಯಾವುದೆಂದು ಅನುಸೂಚಿಯಲ್ಲಿ ಹೆಸರು ಹಿಡಿದು ಬರೆದೆವು: ಠೇವಣಿ, ಸಾಲ, ಅಡಮಾನದ ಚಿನ್ನ, ಆಧಾರ್, ಫೋನ್ ನಂಬರ್, ನಾಮಿನಿ. ವಾರ್ಷಿಕ ವರದಿಯಲ್ಲಿ ಅಚ್ಚಾಗುವ ಲಾಭ ನಷ್ಟ ಗೋಪ್ಯವಲ್ಲ ಎಂದೂ ಬರೆದೆವು. ಎಲ್ಲವನ್ನೂ ಗುಟ್ಟು ಎಂದು ಬರೆದುಕೊಂಡು ಹೋದರೆ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಕೇಳುವುದೇ, "ಸ್ವಾಮಿ, ನಿಮ್ಮ ನೋಟೀಸ್ ಬೋರ್ಡೂ ಗುಟ್ಟೇ?" ಎಂದು.

ಸಾಫ್ಟ್‌ವೇರ್‌ನವರ ಪ್ರತಿನಿಧಿ ಮೊದಲ ದಿನ, "ಎಲ್ಲಾ ಸೊಸೈಟಿಗೂ ನಮ್ಮದು ಇದೇ ಅಗ್ರಿಮೆಂಟು ಸಾರ್, ನಿಮಗೊಬ್ಬರಿಗೆ ಬೇರೆ ಮಾಡೋಕಾಗಲ್ಲ" ಎಂದ. ಒಳ್ಳೆಯ ಹುಡುಗ, ಹೇಳಿಕೊಟ್ಟಷ್ಟು ಹೇಳುತ್ತಿದ್ದ. ಅವನ ಮುಂದೆ ಇಟ್ಟದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023. ಅದರ 8ನೇ ಕಲಮಿನ ತಿರುಳು ಹಳ್ಳಿಯ ಸಂಘಕ್ಕೂ ಅರ್ಥವಾಗುವಂಥದ್ದು. ಜನರ ಮಾಹಿತಿಯನ್ನು ಬೇರೆಯವರ ಕೈಯಲ್ಲಿ ನಿರ್ವಹಿಸುವುದಾದರೆ ಸರಿಯಾದ ಕರಾರು ಇರಲೇಬೇಕು, ಆ ಬೇರೆಯವರು ತಪ್ಪಿದರೂ ಹೊಣೆ ಮಾಹಿತಿ ಪಡೆದವರದ್ದೇ. ಅಜ್ಜಿಯ ಮುಂದೆ ನಿಂತು ಸಾಫ್ಟ್‌ವೇರ್‌ನವರು ಹಾಗೆ ಮಾಡಿದರು ಎಂದು ಸಂಘ ಕೈ ತೊಳೆದುಕೊಳ್ಳುವಂತಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿವೆ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಆ ಅಂಕಿ ಕೇಳಿ ನಮ್ಮ ಅಧ್ಯಕ್ಷರು ನಕ್ಕರು: "ನಮ್ಮ ಸೊಸೈಟಿ ಮಾರಿದ್ರೂ ಅಷ್ಟು ಬರಲ್ಲ ಬಿಡಿ."

ಕೊನೆಗೆ ಸಾಫ್ಟ್‌ವೇರ್‌ನವರು ಒಪ್ಪಿದ್ದು ಹೀಗೆ. ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಲಾಗಿನ್. ಪಿಗ್ಮಿ ಏಜೆಂಟಿಗೆ ತನ್ನ ಗಿರಾಕಿಗಳ ಪಿಗ್ಮಿ ಬಾಕಿ ಬಿಟ್ಟು ಬೇರೇನೂ ಕಾಣಕೂಡದು. ಕಂಪನಿಯ ಹುಡುಗ ರಿಪೇರಿಗೆ ಒಳಗೆ ಬರಬೇಕಾದರೆ ಕಾರ್ಯದರ್ಶಿ ಬಾಗಿಲು ತೆರೆಯಬೇಕು, ಕೆಲಸ ಮುಗಿದೊಡನೆ ಮುಚ್ಚಬೇಕು. ಯಾರು ಯಾವಾಗ ಏನು ತೆರೆದರು ಎಂಬ ದಾಖಲೆ 180 ದಿನ ಉಳಿಯಬೇಕು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನವೂ ಅಷ್ಟೇ ದಿನ ಹೇಳುತ್ತದೆ. ಸೋರಿಕೆ ಗೊತ್ತಾದರೆ 6 ಗಂಟೆಯೊಳಗೆ ವರದಿ ಮಾಡಬೇಕೆಂಬುದೂ ಅದರಲ್ಲೇ ಇದೆ, ಹಾಗಾಗಿ ಕಂಪನಿ ನಮಗೆ ಅದಕ್ಕಿಂತ ಮೊದಲೇ ತಿಳಿಸಬೇಕು. ಕರಾರು ಮುಗಿದ ಮೇಲೆ ಎಲ್ಲ ಮಾಹಿತಿಯನ್ನು ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ವಾಪಸ್ ಕೊಟ್ಟು, ಬ್ಯಾಕಪ್ ಸೇರಿಸಿ ಅಳಿಸಿ, ಅಳಿಸಿದ್ದೇವೆ ಎಂದು ಬರೆದುಕೊಡಬೇಕು. ಬ್ಯಾಕಪ್ ಎಂಬ ಮಾತಿಗೆ ಮಾತ್ರ ಬಹಳ ಎಳೆದಾಡಿದರು. ಎಳೆದಾಡಿದಷ್ಟೂ ಅದು ಇರಲೇಬೇಕು ಎಂದು ನನಗೆ ಗಟ್ಟಿಯಾಯಿತು.

ನಿಜವಾದ ಜಗಳ ಬಿದ್ದದ್ದು ಕಂಪನಿಯ ಜೊತೆಗಲ್ಲ, ಮಂಡಳಿಯ ಸಭೆಯಲ್ಲಿ. ನಿರ್ದೇಶಕರಿಗೆ ಲಾಗಿನ್ ಇಲ್ಲ ಎಂದು ಓದಿದಾಗ ಒಬ್ಬರು ಎದ್ದು ನಿಂತರು. "ಎಲೆಕ್ಷನ್ ಗೆದ್ದು ಬಂದಿದೀನಿ ವಕೀಲರೇ, ಯಾರ ಸಾಲ ಎಷ್ಟಿದೆ ಅಂತ ನೋಡೋಕೆ ನನಗೆ ಹಕ್ಕಿಲ್ವಾ?" ಸಾಲದ ಅರ್ಜಿ ಸಭೆಗೆ ಬಂದಾಗ ಆ ಕಡತ ನೋಡುವ ಹಕ್ಕಿದೆ, ಮನೆಯಲ್ಲಿ ಕೂತು ಮೊಬೈಲಿನಲ್ಲಿ ಊರಿನವರ ಖಾತೆಯೆಲ್ಲ ತಿರುವಿ ಹಾಕುವ ಹಕ್ಕಿಲ್ಲ ಎಂದೆ. ಸುಪ್ರೀಂ ಕೋರ್ಟು ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿ, ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದಿದ್ದನ್ನೂ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ನಮ್ಮ ಊರುಗಳಲ್ಲಿ ಖಾತೆಯ ಗುಟ್ಟು ಸೋರುವುದು ಎಲ್ಲೋ ಕೂತ ಹ್ಯಾಕರನಿಗಿಂತ ಹೆಚ್ಚಾಗಿ ಹೆಣ್ಣು ಕೇಳಲು ಹೋಗುವ ಮುಂಚಿನ ವಿಚಾರಣೆಗೆ, ಜಮೀನು ಕೊಳ್ಳುವ ಮುಂಚಿನ ಪಿಸುಮಾತಿಗೆ. ಯಾರಿಗೆ ಚಿನ್ನದ ಸಾಲ ಇದೆ ಎಂದು ಗೊತ್ತಾದರೆ ಅವರ ತೋಟದ ಬೆಲೆ ಇಳಿಯುತ್ತದೆ. ಆ ನಿರ್ದೇಶಕರ ಹೊರತು ಉಳಿದವರು ಕೈ ಎತ್ತಿದರು, ನಿರ್ಣಯ ಪುಸ್ತಕದಲ್ಲಿ ಅದು ದಾಖಲಾಯಿತು.

ತರೀಕೆರೆಯಲ್ಲಿ ಬಂದದ್ದು ಬೇರೆ ಬಗೆ. ಒಬ್ಬ ಅಡಿಕೆ ಖೇಣಿದಾರರ ಗುಮಾಸ್ತ ಕೆಲಸ ಬಿಟ್ಟು ತಾನೇ ಖೇಣಿ ಶುರು ಮಾಡಿದ. ಖೇಣಿ ಎಂದರೆ ಕೊಯ್ಲಿಗೆ ಮುಂಚೆಯೇ ತೋಟ ನೋಡಿ, ಬೆಲೆ ಮಾತಾಡಿ, ಮುಂಗಡ ಕೊಟ್ಟು ಫಸಲು ಹಿಡಿಯುವುದು. ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ಪಾಡೆಲ್ಲ ಖೇಣಿದಾರನದು. ಅವರ ಬಂಡವಾಳವೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿ: ಯಾವ ತೋಟ ಹೋದ ಸಲ ಎಷ್ಟು ಕ್ವಿಂಟಾಲ್ ಬಿಟ್ಟಿತು, ಯಾರು ಎಷ್ಟು ಮುಂಗಡಕ್ಕೆ ಒಪ್ಪಿದರು, ಯಾರ ಮನೆಯಲ್ಲಿ ಮದುವೆ ಇದೆ, ದುಡ್ಡಿಗೆ ಅವಸರ. ಹುಡುಗ ಅದನ್ನು ಪುಟ ಪುಟ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ.

"ಇನ್ನು ಮುಂದೆ ಕೆಲಸಕ್ಕೆ ಸೇರೋರು ಬಿಟ್ಟು ಹೋದ ಮೇಲೆ ಐದು ವರ್ಷ ಈ ತಾಲ್ಲೂಕಲ್ಲಿ ಖೇಣಿ ಮಾಡಬಾರದು ಅಂತ ಬಾಂಡ್ ಬರೆಸಿ ಸಾರ್" ಎಂದರು ಖೇಣಿದಾರರು. ಬರೆಸಬಹುದು, ನಿಲ್ಲುವುದಿಲ್ಲ. ಕೆಲಸ ಬಿಟ್ಟ ಮೇಲೆ ಒಬ್ಬನ ಕಸುಬಿಗೆ ಅಡ್ಡ ಹಾಕುವ ಕರಾರು ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅಷ್ಟರ ಮಟ್ಟಿಗೆ ಶೂನ್ಯ. ಕೆಲಸದಲ್ಲಿ ಇರುವಾಗಿನ ಕಟ್ಟುಪಾಡು ಬೇರೆ. ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1967ರಲ್ಲೇ ಆ ಗೆರೆ ಎಳೆದಿದೆ. ಟೈರಿನ ದಾರ ಮಾಡುವ ವಿದ್ಯೆಯನ್ನು ವಿದೇಶಿ ಕಂಪನಿಯಿಂದ ಗುಟ್ಟು ಕಾಯುವ ಷರತ್ತಿನ ಮೇಲೆ ತಂದಿದ್ದರು, 5 ವರ್ಷದ ಅವಧಿಗೆ ಒಪ್ಪಿ ಸೇರಿದ ನೌಕರ ನಡುವೆಯೇ ಪ್ರತಿಸ್ಪರ್ಧಿಯ ಬಳಿ ಹೋದ. ಆ ಅವಧಿ ಮುಗಿಯುವವರೆಗಿನ ನಿರ್ಬಂಧ ನಿಂತಿತು. ನಮ್ಮ ವಿಜಯಾ ಬ್ಯಾಂಕಿನ ಪ್ರಕರಣ ಇನ್ನೂ ಹತ್ತಿರದ್ದು: 3 ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಬಾಂಡನ್ನು ಕರ್ನಾಟಕ ಹೈಕೋರ್ಟು ತಳ್ಳಿಹಾಕಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಬಾಂಡನ್ನು ಎತ್ತಿಹಿಡಿಯಿತು. ಅಲ್ಲೂ ಕಾರಣ ಅದೇ. ಷರತ್ತು ಬೇರೆ ಕಡೆ ದುಡಿಯಬೇಡ ಎನ್ನಲಿಲ್ಲ, ಇಲ್ಲಿ ಇಷ್ಟು ದಿನ ಇರು ಎಂದಿತು.

ಹಾಗಾದರೆ ಖೇಣಿದಾರರಿಗೆ ಉಳಿದದ್ದೇನು? ಪುಸ್ತಕ ಅವರದ್ದು, ಅದರ ಫೋಟೋ ತೆಗೆಯುವುದನ್ನು ಕರಾರಿನಲ್ಲಿ ತಡೆಯಬಹುದು, ತೆಗೆದದ್ದನ್ನು ಅಳಿಸಿಕೊಡಬೇಕೆಂದು ಬರೆಯಬಹುದು. ಇಂಥವರ ತೋಟ ಚೆನ್ನಾಗಿದೆ ಎಂಬುದು ಗುಟ್ಟಲ್ಲ, ಲಕ್ಕವಳ್ಳಿ ಕಡೆಗೆ ಬಸ್ಸಿನಲ್ಲಿ ಹೋಗುವವರಿಗೂ ಅದು ಕಾಣುತ್ತದೆ. ಮುಂಗಡದ ಅಂಕಿ ಗುಟ್ಟು. ಅದಕ್ಕೇ ನಾನು ಕರಾರಿನ ಜೊತೆಗೆ ಪುಸ್ತಕವನ್ನೇ ಎರಡು ಮಾಡಿ ಎಂದೆ: ತೂಕದ್ದು ಗುಮಾಸ್ತನಿಗೆ, ಮುಂಗಡದ್ದು ಯಜಮಾನರ ಕೈಯಲ್ಲೇ. "ಈ ವಯಸ್ಸಲ್ಲಿ ನಾನು ಬರೀತಾ ಕೂರಬೇಕಾ?" ಎಂದು ಗೊಣಗಿದರು. ಈಗ ಬರೆಯುತ್ತಾರೆ.

ಗುಟ್ಟು ಕಾಯುವುದು ನಮ್ಮ ವ್ಯಾಪಾರಕ್ಕೆ ಹೊಸದೇನಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿದವರಿಗೆ ಪಕ್ಕದಲ್ಲಿ ನಿಂತವನಿಗೂ ಅಂಕಿ ಕಾಣಬಾರದೆಂಬ ನಿಯಮ ತಿಳಿದೇ ಇದೆ. ಆದರೆ ಅಜ್ಜಂಪುರದ ಅಮೃತ ಮಹಲ್ ಕೇಂದ್ರದ ಹೋರಿಗಳನ್ನು ಮಾರುವುದು ಎಲ್ಲರೆದುರು ಕೂಗುವ ಹರಾಜಿನಲ್ಲಿ. ಸರ್ಕಾರದ ಸೊತ್ತಿಗೆ ಟವಲು ಹೊದಿಸುವಂತಿಲ್ಲ.

ಅಜ್ಜಂಪುರದವರೇ ಒಬ್ಬ ಟಿಪ್ಪರ್ ಮಾಲೀಕರು ಗುಟ್ಟಿಗೂ ಮಿತಿ ಇರಬೇಕೆಂಬುದನ್ನು ಎದುರು ದಿಕ್ಕಿನಿಂದ ಕಲಿಸಿದರು. ಸರ್ಕಾರಿ ಕಾಮಗಾರಿಯೊಂದರ ದೊಡ್ಡ ಗುತ್ತಿಗೆದಾರರು ಅವರಿಗೆ ಮಣ್ಣು ಸಾಗಿಸುವ ಕೆಲಸ ಕೊಡುವ ಮುಂಚೆ ಇಂಗ್ಲಿಷಿನ ದಪ್ಪ ಕರಾರು ಕಳಿಸಿದ್ದರು. ಕೆಲಸದ ಬಗ್ಗೆ ತಿಳಿದದ್ದನ್ನೆಲ್ಲ ಎಂದೆಂದಿಗೂ ಯಾರಿಗೂ ಹೇಳಬಾರದು. "ಅಣ್ಣ, ಲೇಬರ್ ಆಫೀಸರ್ ಬಂದು ಕೇಳಿದ್ರೂ ಬಾಯಿ ಮುಚ್ಕೊಂಡಿರಬೇಕಾ?" ಎಂದು ಕೇಳಿದರು. ಕಾನೂನು ಕೇಳಿದರೆ ಹೇಳಲೇಬೇಕು, ಅದನ್ನು ತಡೆಯುವ ಕರಾರು ಕರಾರು ಕಾಯ್ದೆಯ 23ನೇ ಕಲಮಿನ ಮುಂದೆ ನಿಲ್ಲದು. ಆದರೂ ನಿಲ್ಲದು ಎಂದು ನಂಬಿ ಸಹಿ ಹಾಕುವುದಕ್ಕಿಂತ ಬರೆಸಿಕೊಳ್ಳುವುದು ವಾಸಿ. ಕೋರ್ಟು, ಪೊಲೀಸು, ತೆರಿಗೆ, ಕಾರ್ಮಿಕ ಇಲಾಖೆಗೆ ಹೇಳುವುದು ಹೊರತು. ಮಾಹಿತಿ ಹಕ್ಕಿನಲ್ಲಿ ಈಗಾಗಲೇ ಹೊರಬಂದದ್ದು ಹೊರತು. ತನ್ನ ವಕೀಲರಿಗೆ, ಲೆಕ್ಕಿಗರಿಗೆ ತೋರಿಸುವುದು ಹೊರತು. ಅವಧಿ ಕೆಲಸ ಮುಗಿದು 2 ವರ್ಷ. ಇಷ್ಟನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದೆವು.

ಗುತ್ತಿಗೆದಾರರು ಹೊರತುಗಳನ್ನು ಒಪ್ಪಿದರು, ಅವಧಿಯನ್ನು 3 ವರ್ಷಕ್ಕೆ ಏರಿಸಿದರು. ತಕರಾರು ಬಂದರೆ ಬೆಂಗಳೂರಿನಲ್ಲೇ ಪಂಚಾಯ್ತಿದಾರರ ಮುಂದೆ ಎಂಬ ಕಲಮನ್ನು ಮಾತ್ರ ಬಿಡಲಿಲ್ಲ. ಒಂದೊಂದು ವಾಯಿದೆಗೂ ಅಜ್ಜಂಪುರದಿಂದ ರೈಲು ಹತ್ತಿ ಹೋಗಿ ಬರುವ ಖರ್ಚನ್ನು ಲೆಕ್ಕ ಹಾಕಿ ತೋರಿಸಿದೆ, ಸಾಧ್ಯವಾದರೆ ಇನ್ನೊಂದು ವಾರ ಎಳೆಯಿರಿ ಎಂದೆ. ಟಿಪ್ಪರಿನ ಸಾಲದ ಕಂತು ಐದನೇ ತಾರೀಖಿಗಿತ್ತು. ಸಹಿ ಹಾಕಿ, ಒಂದು ಪ್ರತಿಯನ್ನು ನನ್ನ ಹತ್ತಿರ ಬಿಟ್ಟು ಹೋದರು.