ಕಲ್ಲಿನ ಕೋಟೆಯನ್ನು ಹಲಗೆಯ ಮೇಲೆ ಕಟ್ಟುವಾಗ: ಅನುಭವದ ಪಾಠಗಳು

‘ಘೋರ ಕಾಳಗ ನಡೆಯಿತು’ ಎಂದು ಬರೆದು ಇತಿಹಾಸಕಾರ ಮುಂದಿನ ವಾಕ್ಯಕ್ಕೆ ಹೋಗಬಹುದು. ಅದೇ ಕಾಳಗದ ಡಯೋರಾಮಾ, ಅಂದರೆ ದೃಶ್ಯದ ಪುಟ್ಟ ಮಾದರಿ, ಕಟ್ಟುವವನಿಗೆ ಆ ಸೌಕರ್ಯವಿಲ್ಲ. ಬತೇರಿಯ ಮೇಲೆ ನಿಂತವನ ಕೈಯಲ್ಲಿರುವುದು ಕೋವಿಯೋ ಬಿಲ್ಲೋ, ಅವನ ಹೆಗಲ ಮೇಲೆ ಕಂಬಳಿ ಇದೆಯೋ ಇಲ್ಲವೋ, ಗೋಡೆಯ ಬುಡದಲ್ಲಿ ಯಾವ ಗಿಡ ಬೆಳೆದಿದೆ, ಎಲ್ಲವನ್ನೂ ತೀರ್ಮಾನಿಸಲೇಬೇಕು. ನಾವು ಅಂಟಿಸುವ ಒಂದೊಂದು ಕಲ್ಲೂ ‘ಇದು ಹೀಗಿತ್ತು’ ಎಂದು ಸಾಕ್ಷಿ ಹೇಳುತ್ತದೆ. ಚಿತ್ರದುರ್ಗದ ಕೋಟೆಯ ಮುತ್ತಿಗೆಯನ್ನು ಸಣ್ಣ ಅಳತೆಯಲ್ಲಿ ಕಟ್ಟುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲೆಗಳಲ್ಲಿ ಥರ್ಮಾಕೋಲಿನ ಕೋಟೆ ಕಟ್ಟುವ ಮಕ್ಕಳಿಗೂ ಅವರ ಮೇಷ್ಟ್ರುಗಳಿಗೂ ಇದು ನೆರವಾಗಲಿ.

1. ಒಂದು ಗಳಿಗೆಯನ್ನು ಆರಿಸಿಕೊಳ್ಳಿ

‘ಹೈದರಾಲಿಯ ಮುತ್ತಿಗೆ’ ಎಂಬುದು ಒಂದೇ ಘಟನೆಯಲ್ಲ. 1777ರಲ್ಲಿ ಹೈದರ್ ತಿಂಗಳುಗಟ್ಟಲೆ ದುರ್ಗವನ್ನು ಮುತ್ತಿದ. ಮರಾಠರ ಸೇನೆ ಬರುತ್ತಿದೆ ಎಂದಾಗ ಕಪ್ಪದ ಒಪ್ಪಂದ ಮಾಡಿಕೊಂಡು ಹಿಂದೆ ಸರಿದ. 1779ರಲ್ಲಿ ಮತ್ತೆ ಬಂದ. ಆಗ ಕೋಟೆ ಬಿತ್ತು, ದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಇವೆರಡರ ನಡುವೆ ಕೋಟೆಯೊಳಗಿನವರ ಸ್ಥಿತಿ, ನಂಬಿಕೆ, ದಣಿವು ಎಲ್ಲ ಬದಲಾಗಿದ್ದವು. ಯಾವ ವರ್ಷ, ಯಾವ ಬಾಗಿಲು, ಹಗಲೋ ರಾತ್ರಿಯೋ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ವಾಕ್ಯಕ್ಕೆ ಸೇರದ ವಸ್ತು ಹಲಗೆಯ ಮೇಲೂ ಸೇರಬಾರದು.

ಬಯಲಿನ ಕಾಳಗ ಬೇಕೆನ್ನುವವರಿಗೆ ಮಾಯಕೊಂಡವಿದೆ. 1748ರಲ್ಲಿ, ದುರ್ಗವನ್ನು ಮುಂಚೆ ಆಳಿದ ಹಿರೇ ಮದಕರಿ ನಾಯಕ ಮಡಿದ ರಣ ಅದು. ಅಲ್ಲಿ ಕುದುರೆ, ಆನೆ, ಧೂಳು. ದುರ್ಗದಲ್ಲಿ ಬಂಡೆ, ಗೋಡೆ, ಕಾಯುವಿಕೆ. ಎರಡಕ್ಕೂ ಬೇಕಾದ ಸಂಶೋಧನೆಯೇ ಬೇರೆ.

2. ಅಳತೆಯ ಲೆಕ್ಕ ಮೊದಲು, ಗೊಂಬೆ ಆಮೇಲೆ

1:72ರ ಅಳತೆಯಲ್ಲಿ ಐದೂವರೆ ಅಡಿಯ ಆಳು ಸುಮಾರು 23 ಮಿಲಿಮೀಟರ್ ಆಗುತ್ತಾನೆ, ಎಂಟು ಮೀಟರಿನ ಗೋಡೆ 11 ಸೆಂಟಿಮೀಟರ್. ಇದು ಮೇಜಿನ ಮೇಲೆ ಕೂರುತ್ತದೆ. ಆದರೆ ಐನೂರು ಮೀಟರ್ ದೂರದಲ್ಲಿ ಹೂಡಿದ ತೋಪನ್ನೂ ತೋರಿಸಬೇಕೆಂದರೆ ಅದೇ ಅಳತೆಯಲ್ಲಿ ಏಳು ಮೀಟರ್ ಉದ್ದದ ಹಲಗೆ ಬೇಕು. ಆದ್ದರಿಂದ ಮುತ್ತಿದವರನ್ನೂ ಕಾದವರನ್ನೂ ಪೂರ್ತಿಯಾಗಿ ಒಟ್ಟಿಗೆ ತೋರಿಸುವ ಆಸೆ ಬಿಡಬೇಕು. ಏಳು ಸುತ್ತಿನ ಕೋಟೆಯನ್ನು ಇಡಿಯಾಗಿ ಕುಗ್ಗಿಸಿದರೆ ಮನುಷ್ಯ ಕಾಣದಷ್ಟು ಚಿಕ್ಕವನಾಗುತ್ತಾನೆ. ಒಂದು ಬಾಗಿಲು, ಅದರ ಪಕ್ಕದ ಬಂಡೆ, ಒಂದು ಬತೇರಿ. ಇಷ್ಟನ್ನು ಸರಿಯಾಗಿ ಕಟ್ಟಿದರೆ ನೋಡುವವರು ಉಳಿದ ಕೋಟೆಯನ್ನು ತಾವೇ ಊಹಿಸಿಕೊಳ್ಳುತ್ತಾರೆ.

3. ಕೋಟೆಯನ್ನು ಮುತ್ತಿದವನ ಕಣ್ಣಿನಿಂದ ನೋಡಿ

ಪ್ರವಾಸಿಗರು ಬಾಗಿಲಿನಿಂದ ಒಳಹೊಕ್ಕು ಮೇಲಿನಿಂದ ಕೆಳಗೆ ನೋಡುತ್ತಾರೆ. ಸಂಶೋಧನೆಗೆ ಹೋದವರು ಬುಡದಲ್ಲಿ ನಿಂತು ಮೇಲೆ ನೋಡಬೇಕು. ಆಗ ದುರ್ಗದ ಜಾಣ್ಮೆ ಕಾಣುತ್ತದೆ. ಬಾಗಿಲುಗಳು ಒಂದರ ನೇರಕ್ಕೆ ಇನ್ನೊಂದಿಲ್ಲ. ದಾರಿ ತಿರುಗಿ ತಿರುಗಿ ಏರುತ್ತದೆ. ಆನೆಯಾಗಲಿ ದೂಲ ಹೊತ್ತ ಗುಂಪಾಗಲಿ ಓಡಿ ಬಂದು ಗುದ್ದಲು ಜಾಗವೇ ಸಿಗದು. ಪ್ರತಿ ತಿರುವಿನಲ್ಲೂ ಮೇಲಿನ ಗೋಡೆಯವನಿಗೆ ಕೆಳಗಿನವನ ಪಕ್ಕೆ ತೆರೆದುಕೊಳ್ಳುತ್ತದೆ.

ಕಲ್ಲುಗಳ ಕಟ್ಟಡವನ್ನೂ ಹತ್ತಿರದಿಂದ ನೋಡಿ. ದೊಡ್ಡ ದೊಡ್ಡ ಚಪ್ಪಡಿಗಳು ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡಿವೆ. ಹಲವು ಕಲ್ಲುಗಳ ಅಂಚಿನಲ್ಲಿ ಬೆಣೆ ಹೊಡೆದು ಸೀಳಿದ ಗುಳಿಗಳ ಸಾಲಿದೆ. ಫೋಮ್ ಹಾಳೆಯಲ್ಲಿ ಆ ಗುಳಿಗಳನ್ನು ಸೂಜಿಯಿಂದ ಮೂಡಿಸಿದರೆ ಗೋಡೆ ದುರ್ಗದ್ದಾಗುತ್ತದೆ. ಇಟ್ಟಿಗೆಯಂತೆ ಸಮ ಗೆರೆ ಎಳೆದರೆ ಅದು ಯಾವ ಊರಿನ ಗೋಡೆಯೂ ಆಗಬಹುದು. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಅಳತೆ, ಚಿತ್ರ, ನೆನಪು ತನ್ನಿ. ಚೂರು ಕಲ್ಲನ್ನೂ ತರಬೇಡಿ.

4. ಆಮೇಲೆ ಬಂದದ್ದನ್ನೆಲ್ಲ ಅಳಿಸಿ

ಇಂದಿನ ನೋಟವನ್ನು ಹಾಗೆಯೇ ನಕಲು ಮಾಡಿದರೆ 1779 ಕೈಗೆ ಸಿಗುವುದಿಲ್ಲ. ಬೆಟ್ಟದ ನೆತ್ತಿಯ ಗಾಳಿಯಂತ್ರಗಳು ನಮ್ಮ ಕಾಲದವೆಂದು ಎಲ್ಲರಿಗೂ ಗೊತ್ತು. ಗಿಡಗಳ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಬಳ್ಳಾರಿ ಜಾಲಿ ಈ ದೇಶಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಲಂಟಾನ ಬಂದದ್ದೂ ಆ ಶತಮಾನದ ಆದಿಯಲ್ಲೇ. ಪಾರ್ಥೇನಿಯಂ ಇನ್ನೂ ಈಚಿನದು. ನೀಲಗಿರಿ ತೋಪುಗಳಂತೂ ಬೇಡವೇ ಬೇಡ. ಅವುಗಳ ಜಾಗದಲ್ಲಿ ಕರಿಜಾಲಿ, ಹುಣಸೆ, ಬೇವು, ಕಳ್ಳಿ ಬರಲಿ.

ಹೊಲಗಳಿಗೂ ಇದೇ ಮಾತು. ಹೊಳಲ್ಕೆರೆಯ ಕಡೆ ಇಂದು ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ. ಮಾದರಿಯ ಹೊಲಕ್ಕೆ ಜೋಳ, ರಾಗಿ, ನವಣೆ, ಸಾವೆ, ಹುರುಳಿ ಬೇಕು. ಹಿರಿಯೂರಿನ ದಿಕ್ಕಿನ ನಕ್ಷೆಯಲ್ಲಿ ವಾಣಿವಿಲಾಸ ಸಾಗರದ ನೀಲಿಯನ್ನು ಒರೆಸಿ. ಮಾರಿಕಣಿವೆಗೆ ಅಣೆಕಟ್ಟು ಎದ್ದದ್ದು 1898ರಿಂದ 1907ರ ನಡುವೆ. ಅದಕ್ಕೂ ಮುಂಚೆ ಅಲ್ಲಿ ವೇದಾವತಿ ತಡೆಯಿಲ್ಲದೆ ಹರಿಯುತ್ತಿತ್ತು. ದುರ್ಗ ಗೆದ್ದ ಮೇಲೆ ಹೈದರ್ ಮತ್ತು ಟಿಪ್ಪು ಕೋಟೆಯನ್ನು ಬಲಪಡಿಸಿದರು. ಹಾಗಾಗಿ ಇಂದು ಕಾಣುವ ಪ್ರತಿ ಗೋಡೆಯನ್ನೂ ನಾಯಕರ ಲೆಕ್ಕಕ್ಕೆ ಬರೆಯುವ ಮುನ್ನ ವಿಚಾರಿಸಿಕೊಳ್ಳಬೇಕು.

5. ಪುಸ್ತಕ ತೆರೆಯುವ ಮುಂಚೆ ಬರೆದವನು ಎಲ್ಲಿ ನಿಂತಿದ್ದ ಎಂದು ಕೇಳಿ

ಮಾರ್ಕ್ ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಅವನ ಇತಿಹಾಸದ ಸಂಪುಟಗಳು 1810ರಿಂದ 1817ರ ನಡುವೆ ಅಚ್ಚಾದವು. ಹೈದರ್ ಮತ್ತು ಟಿಪ್ಪು ಅವನ ಸರಕಾರದ ಶತ್ರುಗಳು. ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಪಾರಸಿಯಲ್ಲಿ ಬರೆದ ‘ನಿಶಾನ್-ಎ-ಹೈದರಿ’ ಹೈದರನ ಪಕ್ಷದಿಂದ ಹೇಳುತ್ತದೆ. ಎಂ. ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಮತ್ತು ಹುಲ್ಲೂರು ಶ್ರೀನಿವಾಸ ಜೋಯಿಸರ ಜೀವಮಾನದ ಶೋಧ ನಮ್ಮ ನೆಲದ ಕಡೆಯಿಂದ ಮಾತಾಡುತ್ತವೆ. ಮೂರೂ ಕಡೆಯವರು ಒಪ್ಪುವ ಸಂಗತಿಯನ್ನು ಗಟ್ಟಿಯಾಗಿ ಕಟ್ಟಿ. ಒಬ್ಬರೇ ಹೇಳುವುದನ್ನು ಹಾಗೆಂದೇ ಗುರುತು ಹಾಕಿಕೊಳ್ಳಿ.

ಯುದ್ಧದ ಪುಸ್ತಕಗಳಾಚೆಗೂ ಹುಡುಕಬೇಕು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ದುರ್ಗ ಮತ್ತು ಹಿರಿಯೂರನ್ನು ಹಾದುಹೋದ. ಕಾಳಗದ ಕಥೆಗಿಂತ ಬೆಳೆ, ಮಣ್ಣು, ದನಕರು, ಕಸುಬುಗಳ ಕಡೆಗೆ ಅವನ ಗಮನ. ಕೋಟೆ ಬಿದ್ದು ಇಪ್ಪತ್ತೆರಡು ವರ್ಷವಾಗಿದ್ದರೂ ಹಿನ್ನೆಲೆಯ ಹೊಲ, ಹಟ್ಟಿ, ಬಂಡಿಗಳಿಗೆ ಇಂಥ ಬರಹ ದೊಡ್ಡ ಆಸರೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮದಕರಿಯ ಮೇಲೆ ನಮಗೆ ಪ್ರೀತಿ ಹುಟ್ಟಿಸುವ ಕಾದಂಬರಿ. ಆ ಪ್ರೀತಿಯಿಂದಲೇ ಕೆಲಸ ಶುರುವಾಗಲಿ, ಅಳತೆ ಮತ್ತು ದಿನಾಂಕಗಳನ್ನು ದಾಖಲೆಯಿಂದ ತನ್ನಿ.

6. ಬಟ್ಟೆಗೆ ಬಣ್ಣದ ಗೋಡೆ, ಆಯುಧಕ್ಕೆ ವಸ್ತುಸಂಗ್ರಹಾಲಯ

ಹೈದರನ ಸೇನೆಯ ಉಡುಪಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. ಅಲ್ಲಿನ ಗೋಡೆಯ ಮೇಲಿರುವುದು 1780ರ ಪೊಲ್ಲಿಲೂರು ಕಾಳಗ, ಅಂದರೆ ದುರ್ಗ ಬಿದ್ದ ಮರುವರ್ಷದ್ದು. ಸಾಲುಗಟ್ಟಿದ ಸಿಪಾಯಿಗಳು, ಕುದುರೆಯ ಜೀನು, ಆನೆಯ ಅಂಬಾರಿ ಎಲ್ಲವೂ ಇವೆ. ಆ ಚಿತ್ರಗಳಿಗೆ ಆಮೇಲೆ ಮರಳಿ ಬಣ್ಣ ಹಚ್ಚಲಾಗಿದೆ. 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಿಂದಲೂ ಆ ಕೆಲಸ ನಡೆಯಿತು. ಹಾಗಾಗಿ ರೂಪವನ್ನು ನಂಬಿ, ಬಣ್ಣದ ಛಾಯೆಯನ್ನು ಎಚ್ಚರದಿಂದ ತೆಗೆದುಕೊಳ್ಳಿ.

ನಾಯಕರ ಕಡೆಯ ಉಡುಪಿಗೆ ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದ ಮುಖಮಂಟಪದಲ್ಲಿ ತಲೆಯೆತ್ತಿ ನೋಡಿ. ಚಿತ್ರಿಸಿರುವುದು ಪುರಾಣದ ಕಥೆಗಳೇ. ಆದರೂ ರುಮಾಲು ಸುತ್ತುವ ಬಗೆ, ನಡುಕಟ್ಟು, ಕತ್ತಿ ಹಿಡಿಯುವ ರೀತಿಗೆ ಚಿತ್ರಕಾರನು ತಾನು ಕಂಡ ಜನರನ್ನೇ ನೋಡುತ್ತಾನೆ.

ಹೈದರನ ಕಡೆಯ ರಾಕೆಟ್‌ಗಳಿಗೆ ಶಿವಮೊಗ್ಗೆಯ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ಒಳ್ಳೆಯ ಜಾಗ. ಹೊಸನಗರ ತಾಲೂಕಿನ ಬಿದನೂರಿನ ಪಾಳುಬಾವಿಯಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳ ಕೊಳವೆ ಸುಮಾರು 23ರಿಂದ 26 ಸೆಂಟಿಮೀಟರ್ ಉದ್ದ. 1:32ರಂಥ ದೊಡ್ಡ ಅಳತೆಯಲ್ಲೂ ಅದು ಎಂಟು ಮಿಲಿಮೀಟರ್ ಮುಟ್ಟಿದರೆ ಹೆಚ್ಚು. ಸಿನಿಮಾದ ದೈತ್ಯ ಬಾಣಗಳ ಕಲ್ಪನೆಯನ್ನು ಈ ಒಂದು ಲೆಕ್ಕ ಸರಿಪಡಿಸುತ್ತದೆ.

7. ಮುತ್ತಿಗೆಯ ಅರ್ಧ ಕಥೆ ನೀರಿನದು

ಕತ್ತಿ ಬೀಸುವವರನ್ನಷ್ಟೇ ಕೂರಿಸಿದರೆ ಕೋಟೆ ತಿಂಗಳುಗಟ್ಟಲೆ ಹೇಗೆ ನಿಂತಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡದಲ್ಲಿದೆ. ಬಂಡೆಯ ಮೇಲೆ ಬಿದ್ದ ಮಳೆ ಅಲ್ಲಿ ತುಂಬಿ, ಕೋಡಿ ಹರಿದು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗಿನ ಹೊಂಡಗಳನ್ನು ಸೇರುವ ಏರ್ಪಾಡು ಅದು. ಮಳೆ ಕಡಿಮೆಯಿರುವ ಸೀಮೆಯಲ್ಲಿ ಒಂದು ಹನಿಯನ್ನೂ ಪೋಲು ಮಾಡದ ಬುದ್ಧಿ. ಕಣಜ, ಎಣ್ಣೆಕೊಳ, ಮದ್ದು ಬೀಸುವ ಬೃಹತ್ ಕಲ್ಲುಗಳು ಇದೇ ಕಥೆಯ ಉಳಿದ ಭಾಗ. ಕೊಡ ಹೊತ್ತ ಹೆಂಗಸು, ಕಾಳು ಅಳೆಯುವವನು, ಮದ್ದು ಅರೆಯುವವನು ಮಾದರಿಯಲ್ಲಿ ಇರಲಿ. ಕೋಟೆಯನ್ನು ಕಾದವರಲ್ಲಿ ಅವರೂ ಸೇರಿದ್ದಾರೆ.

8. ಓಬವ್ವನನ್ನು ಗೌರವದಿಂದ, ಪ್ರಾಮಾಣಿಕವಾಗಿ ನಿಲ್ಲಿಸಿ

ದುರ್ಗದ ಯಾವ ಮಾದರಿಯೂ ಓಬವ್ವನಿಲ್ಲದೆ ಪೂರ್ಣವಾಗದು. ಕಹಳೆ ಊದುವ ಕಾವಲುಗಾರನ ಹೆಂಡತಿ, ಗಂಡ ಊಟಕ್ಕೆ ಕುಳಿತಾಗ ನೀರಿಗೆ ಬಂದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಬಡಿದವಳು. ಈ ಕಥೆಯನ್ನು ಜನ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದಾರೆ. ಕಿಂಡಿ ಇಂದಿಗೂ ಇದೆ; ಒಬ್ಬೊಬ್ಬರಾಗಿ ಮೈ ಬಗ್ಗಿಸಿ ನುಸುಳಬೇಕಾದ ಆ ಇಕ್ಕಟ್ಟನ್ನು ನೋಡಿದರೆ ಒಬ್ಬಳೇ ಹೆಂಗಸು ಅದನ್ನು ತಡೆಯಬಲ್ಲಳು ಎಂಬುದು ಮನದಟ್ಟಾಗುತ್ತದೆ. 1972ರ ‘ನಾಗರಹಾವು’ ಚಿತ್ರದ ಜಯಂತಿಯವರ ರೂಪ ನಮ್ಮೆಲ್ಲರ ಕಣ್ಣಲ್ಲಿ ನೆಲೆಸಿದೆ. ಮಾದರಿಗೆ ಆ ರೂಪವನ್ನು ಎರವಲು ತರುವ ಬದಲು ಕಾವಲುಗಾರನ ಮನೆಯ ದುಡಿಯುವ ಹೆಂಗಸನ್ನು ಕಲ್ಪಿಸಿಕೊಳ್ಳಿ. ಕೆಳಗೆ ‘ಜನಪದ ನೆನಪು’ ಎಂದು ಬರೆಯಿರಿ. ಇದರಿಂದ ಅವಳ ಘನತೆ ಕುಗ್ಗುವುದಿಲ್ಲ. ಒಂದು ನಾಡು ಅವಳನ್ನು ಇಷ್ಟು ಕಾಲ ನೆನಪಿಟ್ಟುಕೊಂಡಿತು ಎಂಬ ಸತ್ಯ ಅದರಿಂದ ಎದ್ದು ಕಾಣುತ್ತದೆ.

9. ಎರಡೂ ಸೇನೆಗೆ ಮುಖ ಕೊಡಿ

ನಾಯಕನ ಚಾಕರಿಯಲ್ಲಿ ಮುಸ್ಲಿಂ ಯೋಧರಿದ್ದರು, ಹೈದರನ ಸೇನೆಯಲ್ಲಿ ಹಿಂದೂಗಳಿದ್ದರು. ಕೋಟೆ ಬಿದ್ದದ್ದು ಒಳಗಿನವರ ದ್ರೋಹದಿಂದ ಎಂಬ ವೃತ್ತಾಂತವನ್ನು ಇಡೀ ಒಂದು ಸಮುದಾಯದ ಮೇಲೆ ಹೊರಿಸುವ ಬಣ್ಣ ನಮ್ಮ ಕುಂಚಕ್ಕೆ ಅಂಟದಿರಲಿ. ಒಂದು ಕಡೆಯವರಿಗೆ ಸುಂದರ ಮುಖ, ಇನ್ನೊಂದು ಕಡೆಯವರಿಗೆ ಕ್ರೂರ ಮುಖ ಕೊಡುವುದು ಸುಳ್ಳು ಸಾಕ್ಷಿ.

ಗೆಲುವಿನ ನಂತರದ್ದನ್ನೂ ಓದಿ. ದುರ್ಗದ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು ಎಂದು ಗೆಜೆಟಿಯರ್ ಹೇಳುತ್ತದೆ. ಅವರ ಹುಡುಗರಿಂದ ‘ಚೇಲಾ’ ಪಡೆಗಳು ಹುಟ್ಟಿದವು. ಸೋತ ಊರಿನ ಮಕ್ಕಳು ಗೆದ್ದವನ ಸೈನಿಕರಾದರು. ಇದನ್ನು ತಿಳಿದ ಮೇಲೆ ಬತೇರಿಯ ಮೇಲಿನ 23 ಮಿಲಿಮೀಟರಿನ ಆಳಿಗೆ ಬಣ್ಣ ಹಚ್ಚುವ ಕೈ ನಿಧಾನವಾಗುತ್ತದೆ, ನಿಧಾನವಾಗಲೇಬೇಕು.

10. ತಿಳಿದದ್ದು, ಕೇಳಿದ್ದು, ಊಹಿಸಿದ್ದು: ಮೂರನ್ನೂ ಬೇರೆ ಮಾಡಿ ಬರೆಯಿರಿ

ಮಾದರಿಯ ಪಕ್ಕದಲ್ಲಿ ಒಂದು ಫಲಕವಿರಲಿ. ಗೋಡೆಯ ಎತ್ತರ ಅಳೆದದ್ದು, ಓಬವ್ವ ಜನಪದ ನೆನಪು, ಕಾವಲುಗಾರನ ಕಂಬಳಿಯ ಬಣ್ಣ ನಮ್ಮ ಊಹೆ ಎಂದು ಮೂರು ಬಣ್ಣಗಳಲ್ಲಿ ಗುರುತಿಸಿ. ಹೊಸದುರ್ಗದ ಬೆಟ್ಟದ ಕೋಟೆಯನ್ನೋ ಮಾಯಕೊಂಡದ ಬಯಲನ್ನೋ ನಾಳೆ ಕಟ್ಟಹೊರಟ ಹುಡುಗಿಗೆ ಆ ಫಲಕದಿಂದ ನಮ್ಮ ಕೆಲಸ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂಬುದು ತಿಳಿಯುತ್ತದೆ. ಹೊಸ ದಾಖಲೆ ಸಿಕ್ಕಾಗ ಊಹೆಯ ಜಾಗದಲ್ಲಿ ಸತ್ಯವನ್ನು ಕೂರಿಸಲು ಅವಳಿಗೆ ಸಾಧ್ಯವಾಗುತ್ತದೆ. ಹಾಗೆ ತಿದ್ದಲು ಬರುವಂತೆ ಕಟ್ಟಿದ ಮಾದರಿಯನ್ನೇ ನಾನು ಸಂಶೋಧನೆ ಎಂದು ಕರೆಯುತ್ತೇನೆ.